ಲಕ್ಷ್ಮಣಪ್ಪ ಮೇಷ್ಟ್ರ ಕಂಪ್ಯೂಟರ್ ಕ್ಲಾಸು

"ಯಾರೂ ಮುಟ್ಟಬೇಡಿ. ಕಣ್ಣಲ್ಲಿ ನೋಡಿ, ಅಷ್ಟೇ," ಎಂದರು ಲಕ್ಷ್ಮಣಪ್ಪ ಮೇಷ್ಟ್ರು.

ಆರನೇ ಕ್ಲಾಸಿನ ಮೂವತ್ತೆಂಟು ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು, ಕಂಪ್ಯೂಟರಿಗೆ ಒಂದು ಸುತ್ತು ಬಂದು ಹೊರಗೆ ಹೋದರು. ಮೇಜಿನ ಮೇಲೆ ಅದು ಹೂವಿನ ಬಟ್ಟೆ ಹೊದ್ದು ಕೂತಿತ್ತು. ವಸಂತಮ್ಮ ಟೀಚರ್ ತಮ್ಮ ಹಳೇ ಸೀರೆಯಲ್ಲಿ ಹೊಲಿದುಕೊಟ್ಟ ಕವರು ಅದು. ಮೇಷ್ಟ್ರು ಅದರ ಒಂದು ಅಂಚನ್ನಷ್ಟೇ ಎತ್ತಿ ತೋರಿಸಿದ್ದರು.

"ಇದೇನ್ ಕಂಪ್ಯೂಟರ್ ಕ್ಲಾಸಾ, ದೇವರ ದರ್ಶನಾನಾ?" ಎಂದು ಸ್ಪೂರ್ತಿ ಪಿಸುಗುಟ್ಟಿದಳು. ಅವಳ ಪಕ್ಕದ ಶಿವಗಂಗಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಒಂದೇ ಬೆಂಚಿನ ಗೆಳತಿಯರು ಅವರಿಬ್ಬರು.

ಅದು ತೊಂಬತ್ತೆಂಟನೇ ಇಸವಿ. ಹೆಬ್ಬಗೋಡಿಯಲ್ಲಿ ಆಗ ಕಾರ್ಖಾನೆಗಳ ನಡುನಡುವೆ ಇನ್ನೂ ರಾಗಿ ಹೊಲಗಳಿದ್ದವು. ಹೊಸೂರು ರಸ್ತೆಯ ಮೇಲೆ ಮೇಲ್ಸೇತುವೆ ಬಂದಿರಲಿಲ್ಲ. ರಸ್ತೆ ದಾಟಬೇಕಾದರೆ ಮಕ್ಕಳು ಕೈ ಕೈ ಹಿಡಿದು, ಲಾರಿಗಳು ಮುಗಿಯುವ ತನಕ ಕಾಯುತ್ತಿದ್ದರು. ಬೊಮ್ಮಸಂದ್ರದ ಒಂದು ಕಾರ್ಖಾನೆಯವರು ಹೊಸ ಕಂಪ್ಯೂಟರುಗಳನ್ನು ತರಿಸಿಕೊಂಡು, ಹಳೆಯದೊಂದನ್ನು ಶಾಲೆಗೆ ಕೊಟ್ಟಿದ್ದರು. ಅದು ಬಂದ ದಿನ ಟೆಂಪೋ ಹಿಂದೆ ಇಡೀ ಶಾಲೆಯೇ ಓಡಿತ್ತು.

ಗಣಿತದ ಲಕ್ಷ್ಮಣಪ್ಪ ಮೇಷ್ಟ್ರ ತಲೆಗೇ ಕಂಪ್ಯೂಟರ್ ಪಾಠವೂ ಬಿತ್ತು. ಅದಕ್ಕೆಂದು ಅವರನ್ನು ಟ್ರೇನಿಂಗಿಗೂ ಕಳಿಸಿದ್ದರು. ಅವರು ಬೋರ್ಡಿನ ಮೇಲೆ ಒಂದು ಟಿವಿ, ಒಂದು ಡಬ್ಬ, ಒಂದು ಇಲಿ ಬರೆದರು. ಮಾನಿಟರ್, ಸಿಪಿಯು, ಮೌಸ್. ಮಕ್ಕಳು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ಒಂದು ತಿಂಗಳಾದರೂ ಕವರು ಪೂರ್ತಿ ಮೇಲೆ ಏಳಲಿಲ್ಲ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಶಿವಗಂಗಾ ಗೇಟಿನ ತನಕ ಹೋದವಳು, ಊಟದ ಡಬ್ಬಿ ಮರೆತೆನೆಂದು ವಾಪಸು ಬಂದಳು. ಕಂಪ್ಯೂಟರ್ ರೂಮಿನ ಬಾಗಿಲು ಸ್ವಲ್ಪ ತೆರೆದಿತ್ತು. ಒಳಗಿನಿಂದ 'ಕುಂಯ್' ಎಂದು ಸದ್ದು ಬಂತು. ಅವಳು ಇಣುಕಿದಳು.

ಮೇಷ್ಟ್ರು ಒಬ್ಬರೇ ಇದ್ದರು. ಕಂಪ್ಯೂಟರು ಬೆಳಗುತ್ತಿತ್ತು. ಅವರ ಎಡಗೈಯಲ್ಲಿ ಒಂದು ಸಣ್ಣ ನೋಟ್‌ಬುಕ್ಕು, ಬಲಗೈಯಲ್ಲಿ ಮೌಸು. ಪರದೆಯ ಮೇಲಿನ ಬಾಣದ ಗುರುತು ಇನ್ನೂ ಆಚೆ ಹೋಗಬೇಕಿತ್ತು, ಆದರೆ ಮೌಸು ಮೇಜಿನ ತುದಿಗೆ ಬಂದುಬಿಟ್ಟಿತ್ತು. ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದು, ನೋಟ್‌ಬುಕ್ಕು ಹಿಡಿದ ಎಡಗೈಯಿಂದಲೇ ಮೇಜನ್ನು ಎಳೆಯಲು ನೋಡಿದರು. ಕಂಪ್ಯೂಟರ್ ಮತ್ತೆ 'ಕುಂಯ್' ಎಂದಿತು. ಕಾದ ಹೆಂಚು ಮುಟ್ಟಿದವರಂತೆ ಅವರು ಕೈ ಎಳೆದುಕೊಂಡರು.

ಆಮೇಲೆ ಅವಳನ್ನು ನೋಡಿದರು. ನೋಟ್‌ಬುಕ್ಕನ್ನು ನಿಧಾನವಾಗಿ ಮುಚ್ಚಿದರು.

"ಏನಮ್ಮ?"

"ಡಬ್ಬಿ ಬಿಟ್ಟಿದ್ನಿರಿ ಸರ."

"ತಗೊಂಡು ಹೋಗು. ಬಾಗಿಲು ಮುಂದೆ ಮಾಡು," ಎಂದರು. ಅಷ್ಟೇ. ಯಾರಿಗೂ ಹೇಳಬೇಡ ಎನ್ನಲಿಲ್ಲ.

ಹೇಳಬೇಡ ಎಂದಿದ್ದರೆ ಶಿವಗಂಗಾ ಹೇಳುತ್ತಿರಲಿಲ್ಲವೇನೋ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಅವಳು ಸ್ಪೂರ್ತಿಗೆ ಎಲ್ಲ ಹೇಳಿದಳು. ಮೇಜು ಎಳೆದದ್ದನ್ನು ಮಾಡಿಯೂ ತೋರಿಸಿದಳು. ಸ್ಪೂರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಕ್ಲಾಸಿಗೆಲ್ಲ ಸುದ್ದಿ ಮುಟ್ಟಿತ್ತು.

ಮೇಷ್ಟ್ರು ಬೋರ್ಡಿನ ಮೇಲೆ ಮೌಸು ಬರೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಯಾರೋ 'ಕುಂಯ್' ಎಂದರು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಇನ್ನೊಬ್ಬ ಬೆಂಚನ್ನು ಎಳೆದು, "ಸಾರ್, ಇಷ್ಟು ಸಾಕಾ?" ಎಂದ.

ಮೇಷ್ಟ್ರು ತಿರುಗಲಿಲ್ಲ. ಸೀಮೆಸುಣ್ಣ ಹಿಡಿದ ಕೈ ಹಾಗೇ ಬೋರ್ಡಿನ ಮೇಲೆ ನಿಂತಿತು. ಅವರ ಕಿವಿ ಕೆಂಪಾದದ್ದು ಮುಂದಿನ ಬೆಂಚಿನ ಶಿವಗಂಗಾಳಿಗೆ ಕಂಡಿತು. ಅವರು ಬೈಯಲಿಲ್ಲ, ಬೆತ್ತ ತೆಗೆಯಲಿಲ್ಲ. ಅರ್ಧ ಬರೆದ ಮೌಸನ್ನು ಒರೆಸಿ, "ಗಣಿತದ ಪುಸ್ತಕ ತೆಗೀರಿ," ಎಂದರು.

ಮಾರನೇ ದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಿಸ್ ಕಮಲಮ್ಮ ಹೇಳಿದರು: "ಲಕ್ಷ್ಮಣಪ್ಪ ಮೇಷ್ಟ್ರು ಕಂಪ್ಯೂಟರ್ ರೂಮಿನ ಬೀಗದ ಕೈ ವಾಪಸ್ ಕೊಟ್ಟಿದಾರೆ. ಹೇಳಿಕೊಡೋಕೆ ಬೇರೆ ಯಾರೂ ಇಲ್ಲ. ಮುಂದಿನ ವಾರ ಅದನ್ನ ಬೇರೆ ಸ್ಕೂಲಿಗೆ ಕಳಿಸ್ತೀವಿ."

ಯಾರೂ ನಗಲಿಲ್ಲ. ಸ್ಪೂರ್ತಿ ಮಾತ್ರ, "ಅಯ್ಯೋ, ನಾನು ಒಂದ್ಸಲಾನೂ ಒತ್ತಲಿಲ್ಲ ಕಣೇ," ಎಂದಳು.

ಆ ಸಂಜೆ ಶಿವಗಂಗಾ ರೊಟ್ಟಿ ಮುರಿದು ಹಾಗೇ ಕೂತಳು. ಅವಳ ಅವ್ವ ಮಲಕವ್ವ ಬೊಮ್ಮಸಂದ್ರದ ಔಷಧ ಕಾರ್ಖಾನೆಯಲ್ಲಿ ಗುಳಿಗೆ ಪ್ಯಾಕ್ ಮಾಡುವ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು.

"ಯಾಕವ್ವ, ಉಣವಲ್ಲಿ?"

ಶಿವಗಂಗಾ ನಡೆದದ್ದನ್ನೆಲ್ಲ ಹೇಳಿದಳು. ಮಲಕವ್ವ ಎಲ್ಲ ಕೇಳಿಸಿಕೊಂಡಳು.

"ನಾವು ಕೊಪ್ಪಳ ಬಿಟ್ಟು ಇಲ್ಲಿಗೆ ಬಂದಾಗ ನೀ ಒಂದು ತಿಂಗಳು ಸಾಲ್ಯಾಗ ಬಾಯಿ ಬಿಟ್ಟಿರಲಿಲ್ಲ, ನೆನಪೈತಿ?" ಎಂದಳು.

ಶಿವಗಂಗಾಳಿಗೆ ನೆನಪಿತ್ತು. ಅವಳು "ಹೌದ್ರಿ" ಎಂದರೆ ಸಾಕು, ಕ್ಲಾಸೆಲ್ಲ "ಹೌದ್ರಿ, ಹೌದ್ರಿ" ಎಂದು ಹಾಡುತ್ತಿತ್ತು. ಆಗ ಅವಳಿಗೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲಲು ಕಾಲೇ ಬರುತ್ತಿರಲಿಲ್ಲ. ಮೇಷ್ಟ್ರಿಗೂ ಹಾಗೇ ಆಗಿತ್ತೇ? ದೊಡ್ಡವರಿಗೂ ಹಾಗೆ ಆಗುತ್ತದೆಯೇ? ಅವಳು ರೊಟ್ಟಿಯನ್ನು ತಟ್ಟೆಯಲ್ಲಿಟ್ಟಳು.

ಮರುದಿನ ಊಟದ ಬಿಡುವಿನಲ್ಲಿ ಮೇಷ್ಟ್ರು ಶಾಲೆಯ ಹಿಂದಿನ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಶಿವಗಂಗಾ ಹೋಗಿ ಎದುರಿಗೆ ನಿಂತಳು. ಅವಳ ಕೈ ಲಂಗದ ಅಂಚನ್ನು ಹಿಂಡುತ್ತಿತ್ತು.

"ಸರ, ಅದನ್ನ ನಾನ ಹೇಳಿದ್ನಿರಿ. ತಪ್ಪಾತ್ರಿ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ನೀನೇನು ಸುಳ್ಳು ಹೇಳಲಿಲ್ಲವಲ್ಲಮ್ಮ. ನನಗೆ ಬರಲ್ಲ, ಅದು ನಿಜ."

"ಟ್ರೇನಿಂಗಿಗೆ ಹೋಗಿದ್ರಲ್ರಿ?"

"ಹೋಗಿದ್ದೆ, ಐದು ದಿನ. ನಲವತ್ತು ಜನ ಮೇಷ್ಟ್ರುಗಳಿಗೆ ಎರಡು ಕಂಪ್ಯೂಟರ್ ಇಟ್ಟಿದ್ರು. ಮುಂದೆ ನಿಂತ ಚಿಕ್ಕ ವಯಸ್ಸಿನ ಮೇಷ್ಟ್ರುಗಳು ಜಾಗ ಬಿಡಲಿಲ್ಲ. ನಾನು ಹಿಂದೆ ನಿಂತು, ಹೇಳಿಕೊಡೋರು ಹೇಳಿದ್ದನ್ನೆಲ್ಲ ಬರ್ಕೊಂಡೆ. ಒಂದ್ಸಲಾನೂ ಮುಟ್ಟಲಿಲ್ಲ." ಅವರು ಕನ್ನಡಕ ಹಾಕಿಕೊಂಡರು. "ಇಪ್ಪತ್ತೆಂಟು ವರ್ಷದಿಂದ ಪಾಠ ಮಾಡ್ತಿದೀನಿ. ಗೊತ್ತಿಲ್ಲದ್ದನ್ನ ಯಾವತ್ತೂ ಹೇಳಿಕೊಟ್ಟಿಲ್ಲ ಕಣಮ್ಮ. ಹೆಂಗೆ ಹೇಳಿಕೊಡೋದು?"

ಶಿವಗಂಗಾ ಯೋಚಿಸಿದಳು.

"ಹೇಳಿಕೊಡಬ್ಯಾಡ್ರಿ ಸರ. ಬಾಗಲಾ ತಗೀರಿ ಸಾಕು. ಎಲ್ಲಾರೂ ಕೂಡಿ ನೋಡೋಣ್ರಿ."

ಬೆಲ್ಲು ಹೊಡೆಯಿತು. ಅವಳು ಕ್ಲಾಸಿಗೆ ಓಡಿದಳು.

ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಮೇಷ್ಟ್ರು ಬಂದಾಗ ಅವರ ಬೆರಳಲ್ಲಿ ಬೀಗದ ಕೈ ತೂಗುತ್ತಿತ್ತು. "ಹೆಡ್‌ಮಿಸ್‌ನ ಕೇಳ್ಕೊಂಡು ತಂದೆ. ಕಂಪ್ಯೂಟರ್ ಇನ್ನು ಇಲ್ಲೇ ಇರುತ್ತೆ," ಎಂದರು. ಮಕ್ಕಳೆಲ್ಲ ಅವರ ಹಿಂದೆ ಹೋದರು. ಅವರು ಹೂವಿನ ಕವರನ್ನು ಪೂರ್ತಿ ತೆಗೆದು, ಮಡಚಿ ಕಿಟಕಿಯ ಮೇಲಿಟ್ಟರು. ಆಮೇಲೆ ಮಕ್ಕಳ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು.

"ನೋಡಿ. ಇದು ನನಗೆ ಬರಲ್ಲ. ನೀವು ನಕ್ಕಿದ್ದು ಸರಿಯಾಗೇ ಇತ್ತು. ಇವತ್ತು ಎಲ್ಲಾರೂ ಸೇರಿ ಕಲಿಯೋಣ. ಕೆಟ್ಟುಹೋದ್ರೆ ಹೆಡ್‌ಮಿಸ್‌ಗೆ ನಾನು ಹೇಳ್ತೀನಿ."

'ಕುಂಯ್' ಎಂದಿದ್ದ ಹುಡುಗ ತಲೆ ತಗ್ಗಿಸಿ ತನ್ನ ಕಾಲ್ಬೆರಳುಗಳನ್ನು ನೋಡುತ್ತಿದ್ದ.

ಮೇಷ್ಟ್ರು ನೋಟ್‌ಬುಕ್ಕು ತೆರೆದು ಜೋರಾಗಿ ಓದಿದರು. "ಒಂದು. ಗೋಡೆಯ ಸ್ವಿಚ್ಚು." ಯಾರೋ ಒತ್ತಿದರು. "ಎರಡು. ಡಬ್ಬದ ಗುಂಡಿ." ಪರದೆ ಬೆಳಗಿತು. ಮೂವತ್ತೆಂಟು ಮುಖಗಳೂ ಒಟ್ಟಿಗೆ ಬಾಗಿದವು.

ಮೇಷ್ಟ್ರು ತಳ್ಳಿದ ಮೌಸು ಮತ್ತೆ ಮೇಜಿನ ತುದಿಗೆ ಹೋಗಿ ನಿಂತಿತು. ಬಾಣ ಇನ್ನೂ ನಡುವಿನಲ್ಲೇ ಇತ್ತು.

"ಇಲ್ಲೇ ನಾನು ಸಿಕ್ಕಿಹಾಕ್ಕೊಳ್ಳೋದು," ಎಂದರು ಮೇಷ್ಟ್ರು. "ಯಾರಾದ್ರೂ ಏನಾದ್ರೂ ಮಾಡಿ."

ಒಬ್ಬ ಮೇಜು ಸರಿಸೋಣ ಎಂದ. ಶಿವಗಂಗಾ ಮೌಸನ್ನು ಮೆಲ್ಲಗೆ ಮೇಲೆತ್ತಿ, ಮೇಜಿನ ನಡುವೆ ತಂದಿಟ್ಟಳು. ಬಾಣ ಇದ್ದಲ್ಲೇ ಇತ್ತು. ಅಲ್ಲಿಂದ ತಳ್ಳಿದಳು. ಬಾಣ ಮುಂದಕ್ಕೆ ಓಡಿತು.

"ಎತ್ತಬಹುದಾ ಅದನ್ನ?" ಎಂದರು ಮೇಷ್ಟ್ರು. ಅವರ ಬಾಯಿ ತೆರೆದೇ ಇತ್ತು. "ಎತ್ತಬಹುದು ಅಂತ ಯಾರೂ ಹೇಳಲೇ ಇಲ್ಲ ನೋಡು."

ಎರಡು ಸಲ ಬೇಗ ಬೇಗ ಒತ್ತಬೇಕು ಎಂದು ನೋಟ್‌ಬುಕ್ಕು ಹೇಳುತ್ತಿತ್ತು. ಮೇಷ್ಟ್ರ ಬೆರಳು ನಿಧಾನ. ಸ್ಪೂರ್ತಿ ಟಕಟಕ ಒತ್ತಿದಳು. ಪರದೆಯ ಮೇಲೆ ಬಿಳೀ ಹಾಳೆಯೊಂದು ತೆರೆದುಕೊಂಡಿತು.

ಒಬ್ಬೊಬ್ಬರಾಗಿ ಬಂದು ಇಂಗ್ಲಿಷಿನಲ್ಲಿ ತಮ್ಮ ಹೆಸರು ಒತ್ತಿದರು. ಎ ಪಕ್ಕ ಬಿ ಇಲ್ಲದ್ದು ನೋಡಿ ಎಲ್ಲರಿಗೂ ತಬ್ಬಿಬ್ಬು. ಒಂದಕ್ಷರ ಹುಡುಕಲು ಐದು ಜನ ಸಹಾಯಕ್ಕೆ ಬಂದರು. ಮೇಷ್ಟ್ರು ಸಾಲಿನ ಕೊನೆಯಲ್ಲಿ ನಿಂತಿದ್ದರು. ಅವರ ಸರದಿ ಬಂದಾಗ ಒಂದೇ ಬೆರಳಿನಲ್ಲಿ ತಮ್ಮ ಹೆಸರು ಹುಡುಕಿ ಹುಡುಕಿ ಒತ್ತಿದರು. ಕೊನೆಯ ಅಕ್ಷರ ಮೂಡುವಷ್ಟರಲ್ಲಿ ಕರೆಂಟು ಹೋಯಿತು. ಹೆಸರುಗಳೆಲ್ಲ ಮಾಯ.

"ಛೆ, ಎಲ್ಲಾ ಹೋಯ್ತಲ್ಲ ಸಾರ್," ಎಂದಳು ಸ್ಪೂರ್ತಿ.

"ಹೋಗಲಿ ಬಿಡು. ನಾಳೆ ಇನ್ನೊಂದ್ಸಲ ಬರೆಯೋಣ. ನನ್ನ ಬೆರಳಿಗೂ ಒಂಚೂರು ಅಭ್ಯಾಸ ಆಗಲಿ."

ಶಾಲೆ ಬಿಟ್ಟ ಮೇಲೆ ಗೆಳತಿಯರಿಬ್ಬರೂ ಹೊಸೂರು ರಸ್ತೆಯ ಅಂಚಿನಲ್ಲಿ ಕೈ ಹಿಡಿದು ನಿಂತರು. ಶಿಫ್ಟು ಬದಲಾಗುವ ಹೊತ್ತು. ಕಾರ್ಖಾನೆಯ ಬಸ್ಸುಗಳು ಒಂದರ ಹಿಂದೊಂದು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು.

"ಏನೇ ಹೇಳು, ನಮ್ ಮೇಷ್ಟ್ರಿಗೆ ನಿಜವಾಗ್ಲೂ ಏನೂ ಬರಲ್ಲ ಅಲ್ವಾ?" ಎಂದು ಸ್ಪೂರ್ತಿ ನಕ್ಕಳು. ಶಿವಗಂಗಾಳೂ ನಗುತ್ತಾಳೆಂದು ಅವಳ ಮುಖ ನೋಡಿದಳು.

ಶಿವಗಂಗಾ ನಗಲಿಲ್ಲ. ಮೂವತ್ತೆಂಟು ಜನರ ಎದುರು ನಿಂತು "ನನಗೆ ಬರಲ್ಲ" ಎನ್ನಲು ಮೇಷ್ಟ್ರಿಗೆ, ತನಗೆ ಆಗ "ಹೌದ್ರಿ" ಎನ್ನಲು ಆದಷ್ಟೇ ಕಷ್ಟವಾಗಿರಬೇಕು ಎಂದುಕೊಂಡಳು.

"ಬರ್ತದ," ಎಂದಳು ಮೆಲ್ಲಗೆ. "ನಮ್ಮಷ್ಟು ಬರ್ತದ."

ಬಸ್ಸುಗಳ ಸಾಲು ಮುಗಿಯಿತು. ಇಬ್ಬರೂ ಓಡಿ ರಸ್ತೆ ದಾಟಿದರು.