ಪಿಂಗಾಣಿ ಗಂಟೆಯ ಅಚ್ಚು

“ಗಂಟೆ ಬೇಕಾದ್ರೆ ನನ್ನ ಹತ್ರಾನೇ ಮಾಡ್ಸಪ್ಪ. ಬೇರೆಯವರ ಕೈಲಿ ಇದರ ಅಚ್ಚು ಮಾತ್ರ ತೆಗೆಸಬೇಡ,” ಎಂದಳು ಪಿಂಗಾಣಿ ಸುಡುವ ಆವಿಗೆಯ ಮುದುಕಿ.

ಅವಳ ಪರದೇಶದ ಮಾತನ್ನು ತಿಳಿಸುತ್ತಿದ್ದ ದುಭಾಷಿ ಹುಡುಗಿ ದನಿ ತಗ್ಗಿಸಿದಳು. “ಸತ್ತ ಮಗಳ ದನೀನ ಈ ಗಂಟೆಯೊಳಗೆ ಕಟ್ಟಿದ್ದಾರಂತೆ ಸಾರ್. ನಕಲು ಮಾಡ್ಸಿದ್ರೆ, ಮಾಡ್ಸಿದವರ ಮಗುವಿನ ದನೀನ ಅದು ಎಳ್ಕೊಳ್ಳುತ್ತಂತೆ.”

ಅವನು ಗಹಗಹಿಸಿ ನಕ್ಕ. “ಭಲೇ! ಈ ಕತೇನ ಡಬ್ಬಿ ಮೇಲೆ ಹಾಕಿಸಿದ್ರೆ ಮಾಲು ದುಪ್ಪಟ್ಟು ಹೋಗುತ್ತೆ.”

ಇದ್ದ ನೌಕರಿಗೆ ಕೈಮುಗಿದು, ಹೊರದೇಶದ ಮಾಲು ತರಿಸುವ ಏಜೆಂಟನಾದ ಹೊಸ ಹುರುಪು ಅವನದು. ಮುದುಕಿಗೆ ದೊಡ್ಡ ಆರ್ಡರಿನ ಆಸೆ ತೋರಿಸಿದ. ಸ್ಯಾಂಪಲ್ಲಿಗೆಂದು ಒಂದು ಗಂಟೆ ಈಸಿಕೊಂಡ. ಅದನ್ನು ನೇರ ಹಿಂದಿನ ಬೀದಿಯ ಕಾರ್ಖಾನೆಗೆ ಒಯ್ದು, ಅರ್ಧ ಬೆಲೆಗೆ ಅಂಥದ್ದೇ ಸಾವಿರಗಟ್ಟಲೆ ಮಾಡಲು ಹೇಳಿಬಂದ. ಈ ದಂಧೆಯಲ್ಲಿ ಇದಕ್ಕೆ ಜಾಣತನ ಅಂತಲೇ ಹೆಸರು, ಬಿಡಿ! ಮುದುಕಿ ಪಾಪ, ಅವನ ಮಾತು ನಂಬಿ ಮನೆ ಮಾರಿ ಮಣ್ಣು ತರಿಸಿದಳು, ಆವಿಗೆ ಹೊತ್ತಿಸಿ ಕಾದಳು. ಅವನು ಫೋನೇ ಎತ್ತಲಿಲ್ಲ.

ಮಾಲು ಅವನ ಊರಿಗೆ ಬಂದ ಮಧ್ಯಾಹ್ನ ಕರೆಂಟು ಹೋಗಿತ್ತು. ಕಿಟಕಿಯಿಲ್ಲದ ಗೋದಾಮಿನಲ್ಲಿ ಒದ್ದೆ ರಟ್ಟಿನ ವಾಸನೆ, ಅದರೊಳಗೆ ಸುಟ್ಟ ಕೂದಲಿನಂಥ ಇನ್ನೊಂದು ಕಮಟು. ಹೊರಗೆ ಹಮಾಲರು ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದರು. ಅವನು ಮೊದಲ ಪೆಟ್ಟಿಗೆ ಸೀಳಿ, ಕತ್ತಲಲ್ಲೇ ಒಂದು ಗಂಟೆ ಎತ್ತಿ ಅಲ್ಲಾಡಿಸಿದ.

“ಅಪ್ಪಾ.”

ಪುಟ್ಟಿಯ ದನಿ! ಅವನ ಐದು ವರ್ಷದ ಮಗಳದ್ದು. ಛೇ, ನಿದ್ದೆಗೆಟ್ಟ ತಲೆ ಅಂದುಕೊಂಡು ಇನ್ನೊಂದನ್ನು ಎತ್ತಿದ.

“ಅಪ್ಪಾ, ಬಾ.”

ಜೇಬಿನಲ್ಲಿ ಫೋನು ಗುರುಗುಟ್ಟಿತು. ಹೆಂಡತಿ.

“ರೀ, ಪುಟ್ಟಿ ಬಾಯಿ ತೆರೀತಾಳೆ, ದನೀನೇ ಬರ್ತಿಲ್ಲ ಕಣ್ರೀ!”

ಅವನ ಕೈಯಿಂದ ಗಂಟೆ ಜಾರಿತು. ನೆಲಕ್ಕೆ ಬಿದ್ದು ಚೂರಾಯಿತು.

“ಅಯ್ಯೋ! ರಕ್ತ! ಬಾಯಿಂದ ರಕ್ತ ಬರ್ತಿದೆ ರೀ!”

ಅವನು ಹೆಂಡತಿಗೆ “ಡಾಕ್ಟರ ಹತ್ರ ಓಡು” ಎಂದು ಕಿರುಚಿ, ಆ ಕರೆಯನ್ನು ಹಾಗೇ ಹೋಲ್ಡಿನಲ್ಲಿಟ್ಟು ದುಭಾಷಿಯ ನಂಬರು ಒತ್ತಿದ. “ತಪ್ಪಾಯ್ತು ಅನ್ನು ಅಜ್ಜಿಗೆ. ಕಾಲಿಗೆ ಬೀಳ್ತೀನಿ. ಕೇಳಿದಷ್ಟು ಕೊಡ್ತೀನಿ. ನನ್ನ ಮಗು ಏನು ಮಾಡಿತ್ತಮ್ಮಾ?”

ಆ ಕಡೆ ಹುಡುಗಿಯ ಪಕ್ಕದಲ್ಲೇ ಇದ್ದ ಮುದುಕಿ ನಿಧಾನವಾಗಿ ಏನೋ ಅಂದಳು. ಹುಡುಗಿ ಅದನ್ನು ತಿಳಿಸಿದಳು.

“ತಮ್ಮ ಮಗಳೂ ಏನೂ ಮಾಡಿರಲಿಲ್ಲ ಅಂತಿದ್ದಾರೆ ಸಾರ್. ಅವಳ ದನೀನ ನೀವು ನಕಲು ಮಾಡ್ಸಿದ್ರಲ್ಲ, ಈಗ ನಿಮ್ಮ ಮಗಳ ಜೀವ ಆ ಗಂಟೆಗಳಲ್ಲಿ ಹಂಚಿಹೋಗಿದೆಯಂತೆ. ಜೋಪಾನ ಅಂತಿದ್ದಾರೆ. ಒಂದೂ ಒಡೀಬಾರದಂತೆ.”

ಹೊರಗೆ ನಗು. ಹಮಾಲರ ಕೇಕೆ. “ಹಿಡ್ಕೊಳ್ಳೋ!” “ಎಸಿ, ಎಸಿ!”

ಅವನು ಓಡಿದ. ಎಡವಿದ. ಎದ್ದ. ಕೂಗಿದ. ಲಾರಿಯ ಹಲಗೆ ಕಳಚಿತು. ಮೇಲಿನ ಸಾಲು ವಾಲಿತು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ. ದಬದಬ. ಒಳಗಿಂದ ಸಾವಿರ ಪುಟ್ಟಿಯರು ಒಟ್ಟಿಗೆ ಚೀರಿದರು. ಆಮೇಲೆ ಬರೀ ಧೂಳು.

ಹಮಾಲರಲ್ಲಿ ಹಿರಿಯ ತಲೆ ಕೆರೆದುಕೊಂಡ. “ಬೇಜಾರು ಮಾಡ್ಕೋಬೇಡಿ ಸಾವುಕಾರ್ರೇ. ಮಾಲು ತಾನೇ, ಮತ್ತೆ ತರಿಸಬಹುದು.”

ಅವನು ಫೋನನ್ನು ಕಿವಿಗೊತ್ತಿಕೊಂಡ. ಹೋಲ್ಡಿನಲ್ಲಿಟ್ಟ ಕರೆಯಲ್ಲಿ ಹೆಂಡತಿ ಇನ್ನೂ ಇದ್ದಳು. ಡಾಕ್ಟರ ಹತ್ರ ಹೋಗೋದು ಬೇಡ, ಮನೆಗೆ ಬನ್ನಿ ಎಂದಳು.