ಮೂರಿಂಚು ತಪ್ಪಿದ ಗಿಟಾರ್

ಎರಡು ತಿಂಗಳು ನನ್ನ ಫೋನ್ ಎತ್ತದ ಮನುಷ್ಯ ಮಂಗಳವಾರ ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ನಿಂತು, "ರಿಪೇರಿಗೆ ಕೊಟ್ಟಿದ್ದ ನನ್ನ ಆಂಪ್ಲಿಫೈಯರ್ ಎಲ್ಲಿ?" ಅಂದ. ಹೇಗಿದ್ದೀಯ ಇಲ್ಲ, ಸಾರಿ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಮೂಲೇಲಿದೆ. ನಿನ್ನ ಹಾಗೇ ಬಾಯಿ ಮುಚ್ಕೊಂಡು ಕೂತಿದೆ."

"ಲೇ ಸಿಡುಕಿ, ಜಗಳಕ್ಕೆ ಬಂದಿಲ್ಲ ನಾನು. ಗಿಟಾರನ್ನ ನಿನ್ನೆ ಒಬ್ಬರಿಗೆ ಕೊಟ್ಟುಬಿಟ್ಟೆ. ಇದನ್ನೂ ಕೊಟ್ಟರೆ ಮುಗೀತು."

ಮುಗೀತಂತೆ! ಎಷ್ಟು ಸಲೀಸಾಗಿ ಹೇಳಿಬಿಟ್ಟ.

ನನ್ನದು ಗಿಟಾರ್ ರಿಪೇರಿ ಅಂಗಡಿ. ಬ್ಯಾಂಡೊಂದರಲ್ಲಿ ಗಿಟಾರ್ ನುಡಿಸುತ್ತಿದ್ದ ಅವನು ಆರು ವರ್ಷದಿಂದ ವಾರಕ್ಕೆ ಮೂರು ಸಲ ಬರುತ್ತಿದ್ದ. ಒಂದು ದಿನ ತಂತಿ ಹೋಯಿತು ಅನ್ನುವ ನೆಪ, ಇನ್ನೊಂದು ದಿನ ತಿರುಪು ಸಡಿಲವಾಯಿತು ಅನ್ನುವ ನೆಪ. ಆ ತಿರುಪನ್ನು ಅವನೇ ಸಡಿಲ ಮಾಡಿಕೊಂಡು ಬರುತ್ತಾನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಏನೂ ಅರಿಯದವಳ ಹಾಗೆ ಬಿಗಿ ಮಾಡಿ ಕೊಡುತ್ತಿದ್ದೆ. ಅವನು ತಿರುಪು ನೋಡುವ ಬದಲು ನನ್ನನ್ನು ನೋಡುತ್ತಿದ್ದ.

ಆಮೇಲೆ ಬೈಕಿನಿಂದ ಬಿದ್ದು ಎಡಗೈಯ ಎರಡು ಬೆರಳು ಮುರಿದುಕೊಂಡ. ಮೂಳೆ ಕೂಡಿತು, ಬೆರಳು ಮಾತ್ರ ಮೊದಲಿನ ಹಾಗೆ ಚಾಚುವುದಿಲ್ಲ ಎಂದರು ಡಾಕ್ಟರು. ಅಲ್ಲಿಗೆ ಅವನು ಬರುವುದು ನಿಂತಿತು. ಫೋನ್ ಮಾಡಿದರೆ ಅವನ ಅಕ್ಕ ಎತ್ತಿ, "ಮಲಗಿದ್ದಾನಮ್ಮ" ಅನ್ನುತ್ತಿದ್ದರು. ಎರಡು ತಿಂಗಳು ಮಲಗಲು ಅವನೇನು ಕುಂಭಕರ್ಣನೇ?

ಆ ಸಿಟ್ಟಿನಲ್ಲೇ ನಾನೊಂದು ಗಿಟಾರ್ ಕಟ್ಟಲು ಕೂತೆ. ಮಕ್ಕಳು ಕಲಿಯುವ ಗಿಟಾರಿನ ಗಿಡ್ಡ ಕತ್ತು, ಬಿರುಕು ಬಿಟ್ಟು ಮೂಲೆ ಸೇರಿದ್ದ ಹಸಿರು ಒಡಲು, ತಂತಿಯ ದನಿ ಹಿಡಿಯುವ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪಿಕಪ್, ಹಳೇ ರೇಡಿಯೊದಿಂದ ಕಿತ್ತ ನಾಬ್. ಕತ್ತು ಗಿಡ್ಡವಾದರೆ ಅದರ ಮೇಲಿನ ಲೋಹದ ಅಡ್ಡಪಟ್ಟಿಗಳು, ಅಂದರೆ ಫ್ರೆಟ್‌ಗಳು ಹತ್ತಿರ ಬರುತ್ತವೆ, ಬೆರಳು ಅಷ್ಟು ಚಾಚಬೇಕಿಲ್ಲ.

ನಾನು ಡ್ರಿಲ್ ಒತ್ತುವ ರಭಸ ನೋಡಿ ಅಪ್ಪ, "ಆ ಮರ ನಿಂಗೇನು ಮಾಡಿತ್ತೇ? ಸಿಟ್ಟಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ, ನೋಡ್ಕೋ" ಅಂದಿದ್ದರು. ನಾನು ಕೇಳಿಸಿಕೊಂಡರೆ ತಾನೆ.

ಆ ಬೆಳಿಗ್ಗೆಯಷ್ಟೇ ತಂತಿ ಕಟ್ಟಿ ಶ್ರುತಿ ಮಾಡಿ, ಒತ್ತಿ ನುಡಿಸಿ ನೋಡದೆಯೇ ಟೇಬಲ್ ಮೇಲೆ ಇಟ್ಟಿದ್ದೆ. ಅವನ ಕಣ್ಣು ಅದರ ಮೇಲೆ ಬಿತ್ತು.

"ಇದ್ಯಾವ ಪ್ರಾಣಿ?"

"ನಿನಗೇ ಮಾಡಿದ್ದು. ಹಿಡಿ."

ಹಿಡಿದ. ಬೆರಳೊತ್ತದೆ ಸುಮ್ಮನೆ ತಂತಿಗಳನ್ನು ಮೀಟಿದ. ನಾದ ತುಂಬಿ ಬಂತು. ಅವನ ತುಟಿಯ ಕೊನೆ ಒಂದು ಕ್ಷಣ ಅರಳಿದ್ದನ್ನು ನಾನು ನೋಡಿದೆ. ಆಮೇಲೆ ಕಷ್ಟಪಟ್ಟು ಬೆರಳೂರಿ ಮೇಲಿನ ಫ್ರೆಟ್‌ಗಳಲ್ಲಿ ಹಲವು ಸ್ವರ ಒಟ್ಟಿಗೆ ಹೊಮ್ಮುವ ಒಂದು ಕಾರ್ಡ್ ಒತ್ತಿದ.

ಅಯ್ಯೋ! ಒಂದು ಸ್ವರವೂ ನೆಟ್ಟಗಿಲ್ಲ, ಎಲ್ಲ ಕೆಳಗೆ ಜಾರಿದ್ದವು.

ಅವನ ಕೈಯಿಂದ ಕಿತ್ತುಕೊಂಡು ಅಳತೆ ಟೇಪ್ ಹಿಡಿದೆ. ತಂತಿಯ ತುದಿ ಕೂರುವ ಬ್ರಿಡ್ಜ್ ಕತ್ತಿನ ಅಳತೆಗೆ ತಕ್ಕ ಜಾಗದಲ್ಲಿರಬೇಕು. ಈ ಕತ್ತಿಗೆ ಮೇಲಿನ ತುದಿಯಿಂದ ಬ್ರಿಡ್ಜ್‌ವರೆಗೆ ಇಪ್ಪತ್ತೆರಡೂವರೆ ಇಂಚು ಸಾಕಿತ್ತು. ಹದಿನೈದು ವರ್ಷದ ಕೈರೂಢಿ. ಉದ್ದ ಗಿಟಾರಿನ ಇಪ್ಪತ್ತೈದೂವರೆಗೆ ತೂತು ಕೊರೆದಿದ್ದೆ. ಕಲಿಯಲು ಬಂದವರು ಮಾಡಿದ್ದರೆ ಬೈದು ಮನೆಗೆ ಕಳಿಸುತ್ತಿದ್ದೆ.

"ಬಿಡು," ಅಂದ ಅವನು. ಈಗ ಅವನ ದನಿಯೂ ಏರಿತ್ತು. "ಸರಿಯಾಗಿದ್ದಿದ್ರೂ ಅಷ್ಟೇ. ನುಡಿಸೋ ಕೈ ಇದ್ರೆ ಮಾತ್ರ ನಾನು ಬೇಕು ನಿನಗೆ, ಅಲ್ವಾ? ಅದಕ್ಕೇ ಕುಂಟನಿಗೆ ಕೋಲು ಕೊಟ್ಟ ಹಾಗೆ ಇದನ್ನ ಮಾಡಿಟ್ಟಿದ್ದೀಯ!"

"ಮಣ್ಣಂಗಟ್ಟಿ!" ಟೇಪನ್ನು ಟೇಬಲ್ ಮೇಲೆ ಕುಕ್ಕಿದೆ. "ನಿನ್ನ ಬ್ಯಾಂಡಿನ ಗಲಾಟೆಗೆ ಕಿವಿಗೆ ಹತ್ತಿ ಇಟ್ಕೊಂಡು ಕೂರ್ತಿದ್ದವಳು ನಾನು. ನುಡಿಸ್ಲಿ ಅಂತ ಮಾಡಿದ್ನಾ ಇದನ್ನ? ಗಿಟಾರೇ ಇಲ್ದಿದ್ರೆ ನೀನು ಯಾವ ನೆಪಕ್ಕೆ ಇಲ್ಲಿಗೆ ಬರ್ತೀಯ? ನೀನು ಬರ್ಲಿ ಅಂತ ಮಾಡ್ದೆ ಕಣೋ! ಬರೀ ಬರ್ಲಿ ಅಂತ!"

ಹೇಳಿಬಿಟ್ಟೆ. ಕಣ್ಣಲ್ಲಿ ನೀರು ಬೇರೆ ಬಂದು ಇನ್ನಷ್ಟು ಸಿಟ್ಟು ಬಂತು. ಗಲ್ಲಾದಲ್ಲಿ ಕೂತಿದ್ದ ಅಪ್ಪ ಯಾವಾಗಲೋ ಎದ್ದು ಹೊರಗೆ ಹೋಗಿದ್ದರು.

ಅವನು ಎಡಗೈಯನ್ನು ಜೇಬಿಗೆ ಸೇರಿಸಿದ. "ನಿನ್ನ ಫೋನ್ ಬಂದಾಗೆಲ್ಲ ಮುಸುಕು ಹಾಕಿ ಮಲಗಿಬಿಡ್ತಿದ್ದೆ," ಅಂದ. "ನಿನ್ನ ದನಿ ಕೇಳಿದ್ರೆ ಓಡಿ ಬಂದುಬಿಡ್ತೀನಿ ಅಂತ ಭಯ."

"ಬಂದಿದ್ರೆ ಏನಾಗ್ತಿತ್ತು?"

"ನೀನು ಈ ಕೈ ನೋಡ್ತಿದ್ದೆ."

"ತೋರ್ಸು."

ಹಿಂದೆ ಮುಂದೆ ನೋಡಿ ಎಡಗೈ ಚಾಚಿದ. ಎರಡು ಬೆರಳು ಸೊಟ್ಟಗೆ ಕೂತಿದ್ದವು. ಅದನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ನೋವಾಗುತ್ತಾ?"

"ನೀನು ಇಷ್ಟು ಗಟ್ಟಿಯಾಗಿ ಹಿಡ್ಕೊಂಡ್ರೆ ಆಗುತ್ತೆ."

"ಆಗ್ಲಿ," ಅಂದೆ. ಬಿಡಲಿಲ್ಲ.