ಮೆಮೊರಿಗೆ ಹಾಕಿದ ಕುರಿ ಗುರುತು

“ಪಾಪ್ಪಾ, ಸ್ವಲ್ಪ ಆ ಕಡೆ ಕೂತ್ಕೋ. ಬೆಳಕು ಮರೆ ಆಗ್ತೈತೆ,” ಎಂದ ಪೊನ್ನುಸ್ವಾಮಿ. ಸಣ್ಣ ಹುಡುಗಿಯರೆಲ್ಲ ಅವನಿಗೆ ‘ಪಾಪ್ಪಾ’.

ಚಂದ್ರಿಕಾ ಸ್ಟೂಲನ್ನು ಒಂದು ಗೇಣು ಸರಿಸಿದಳು. ಒಂದೇ ಗೇಣು. ಅಲ್ಲಿಂದಲೂ ಅವನ ಎರಡೂ ಕೈಗಳು ಚೆನ್ನಾಗಿ ಕಾಣುತ್ತಿದ್ದವು.

ತಮಿಳುನಾಡಿನ ಕಾರಿಮಂಗಲಂ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಪೊನ್ನುಸ್ವಾಮಿಯ ಟೀವಿ ರಿಪೇರಿ ಅಂಗಡಿ. ಮೇಜಿನ ಮೇಲೆ ಸಿಂಗಾಪುರದಿಂದ ಬಂದ ಸಾಮಾನುಗಳು ಹರಡಿದ್ದವು. ಅಂಗೈಯಗಲದ ಫ್ಯಾನು, ಹಸಿರು ಬೋರ್ಡು, ರಿಬ್ಬನ್ನಿನಂತಹ ಚಪ್ಪಟೆ ವೈರು. ಇವನ್ನೆಲ್ಲ ಜೋಡಿಸಿದರೆ ಗೇಮ್ ಆಡುವ ಕಂಪ್ಯೂಟರ್ ಆಗುತ್ತದೆ.

ಪೊನ್ನುಸ್ವಾಮಿಯ ಎಡಗೈ ಮೆಲ್ಲಗೆ ಶರ್ಟಿನ ಜೇಬಿಗೆ ಹೋಯಿತು. ಅವನು ಚಂದ್ರಿಕಾಳನ್ನು ನೋಡಿದ. ಕೈ ಖಾಲಿಯಾಗಿ ಹೊರಗೆ ಬಂತು.

‘ಯಾಕೆ ಜೇಬು ಮುಟ್ಕೊಂಡ?’ ಅಂದುಕೊಂಡಳು ಚಂದ್ರಿಕಾ. ಕಣ್ಣು ಮಿಟುಕಿಸುವುದನ್ನೂ ಆದಷ್ಟು ಕಮ್ಮಿ ಮಾಡಿದಳು.

ಸಾಮಾನು ಆರಿಸಿ ಕಳಿಸಿದ್ದು ಅವಳ ಚಿಕ್ಕಪ್ಪ ಮಾದೇಶ. ಸಿಂಗಾಪುರದಲ್ಲಿ ಹಡಗು ಕಟ್ಟುವ ಯಾರ್ಡಿನಲ್ಲಿ ಅವನು ವೆಲ್ಡರ್. ರಜೆಗೆ ಊರಿಗೆ ಬಂದಾಗ ಚಂದ್ರಿಕಾಳ ಜೊತೆ ಕೂತು ಕಾರ್ ರೇಸ್ ಆಡಬೇಕು ಅಂತ ಅವನಿಗೆ ಆಸೆ. ಭಾನುವಾರಗಳಲ್ಲಿ ಅಂಗಡಿ ಅಂಗಡಿ ಸುತ್ತಿ, ಒಂದೊಂದೇ ಸಾಮಾನು ಹುಡುಕಿ, ಊರ ಕಡೆ ಬರುವವರ ಬ್ಯಾಗಿನಲ್ಲಿ ಕಳಿಸುತ್ತಿದ್ದ. ಜೊತೆಗೆ, ಶಾಲೆಯಲ್ಲಿ ಕಲಿತ ತಮಿಳಿನಲ್ಲಿ, ಒಂದು ಕಾಗದ. ಚಂದ್ರಿಕಾ ಅದನ್ನು ಓದಿ, ಅಜ್ಜಿ ಮುತ್ತಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ಒಂದು ಕಾಗದದಲ್ಲಿ ಹೀಗಿತ್ತು: ‘ದೊಡ್ಡ ಸ್ಪೀಕರ್ ಬೇಕಾ, ಮೆಮೊರಿ ಜಾಸ್ತಿ ಬೇಕಾ? ಎರಡೂ ನನ್ನ ಕೈಲಾಗಲ್ಲ ಚಂದ್ರಿ. ನೀನೇ ಆರಿಸು.’

“ಮೆಮೊರಿ ಅಂದ್ರೇನು?” ಅಂತ ಅಜ್ಜಿ ಕೇಳಿದ್ದಳು.

“ಅದು ಜಾಸ್ತಿ ಇದ್ರೆ ಕಾರು ನಿಂತು ನಿಂತು ಓಡಲ್ವಂತೆ ಅಜ್ಜಿ.”

“ಅಂಗಾದ್ರೆ ಅದೇ ತರ್ಸು. ಸದ್ದು ನಮ್ಮನೇಲಿ ಬೇಕಾದಷ್ಟೈತೆ.”

ಹಾಗೆ ಬಂದದ್ದು ಎರಡು ಮೆಮೊರಿ ಪಟ್ಟಿಗಳು. ಬಾಚಣಿಗೆಯಷ್ಟುದ್ದ. ಬಾಚಣಿಗೆಗೆ ಇರುವಂತೆಯೇ ಬುಡದಲ್ಲಿ ಸಾಲಾಗಿ ಹಲ್ಲು, ಆದರೆ ಚಿನ್ನದ ಬಣ್ಣದವು. ಜೊತೆಗಿದ್ದ ಕಾಗದವನ್ನು ಚಂದ್ರಿಕಾ ಎಷ್ಟು ಸಲ ಓದಿದ್ದಳೆಂದರೆ ಅದರ ಮಡಿಕೆಗಳು ಹರಿಯಲು ಬಂದಿದ್ದವು.

‘ಜೋಡಿಸುವಾಗ ನೀನು ಪಕ್ಕದಲ್ಲೇ ಕೂತ್ಕೋ. ನಮ್ಮ ರೂಮಿನವನೊಬ್ಬ ಊರಿಗೆ ಕಳಿಸಿದ ಒಳ್ಳೇ ಸಾಮಾನನ್ನ ಯಾರೋ ಎತ್ಕೊಂಡು, ಹಳೇದು ಹಾಕಿಬಿಟ್ರು. ಆನ್ ಮಾಡಿದ ತಕ್ಷಣ ಸ್ಕ್ರೀನಲ್ಲಿ ನಂಬರ್ ಓಡುತ್ತೆ. 65536ಕ್ಕೆ ನಿಲ್ಲಬೇಕು. ಕಮ್ಮಿ ಬಂದ್ರೆ ನನಗೆ ಹೇಳು.’

ಅದಕ್ಕೇ ಚಂದ್ರಿಕಾ ಒಂದು ಉಪಾಯ ಮಾಡಿದ್ದಳು.

ಹಿಂದಿನ ದಿನ ಸಾಯಂಕಾಲ ಅಜ್ಜಿ ಹೊಸ ಕುರಿಮರಿಗಳಿಗೆ ಗುರುತು ಹಾಕುತ್ತಿದ್ದಳು. ಒಂದು ಡಬ್ಬಿ ಕೆಂಪು ಪೈಂಟು, ಒಂದು ಕಡ್ಡಿ. ಮರಿಯ ಕಿವಿ ಮಡಿಸಿ, ಒಳಗೆ ಬುಡದಲ್ಲಿ ಒಂದು ಚುಕ್ಕೆ.

“ಬೆನ್ನ ಮೇಲೆ ಯಾಕೆ ಆಕಲ್ಲ ಅಜ್ಜಿ?”

“ಬೆನ್ನ ಮೇಲೆ ಆಕಿದ್ರೆ ಉಣ್ಣೆ ಕತ್ತರಿಸ್ದಾಗ ಓಯ್ತದೆ. ಕಳ್ಳನ ಕಣ್ಣಿಗೂ ಬೀಳ್ತದೆ. ಅಳಿಸ್ಬುಟ್ಟು ಅವನ ಬಣ್ಣ ಬಳೀತಾನೆ. ಗುರುತು ಅನ್ನೋದು ಬುಡದಲ್ಲಿರ್ಬೇಕು, ಕಾಣಬಾರ್ದು.”

ಅಜ್ಜಿ ಮರಿಗಳನ್ನು ಒಳಗೆ ಕೂಡಿಹಾಕುವಷ್ಟರಲ್ಲಿ ಚಂದ್ರಿಕಾ ಮೆಮೊರಿ ಪಟ್ಟಿಗಳನ್ನು ತೆಗೆದಳು. ಬೆಂಕಿಕಡ್ಡಿ ಅದ್ದಿ, ಒಂದೊಂದರ ಬುಡದಲ್ಲೂ ಒಂದೊಂದು ಚುಕ್ಕೆ ಇಟ್ಟಳು. ಎರಡನೆಯದಕ್ಕೆ ಇಡುವಾಗ ಪೈಂಟು ಸ್ವಲ್ಪ ಇಳಿಯಿತು. ಲಂಗದ ಅಂಚಿನಲ್ಲಿ ಒರೆಸಿದಳು. ಯಾರಿಗೂ ಹೇಳಲಿಲ್ಲ. ಇನ್ನು ಪೊನ್ನುಸ್ವಾಮಿ ಬದಲಾಯಿಸಿದರೆ ಸಿಕ್ಕಿಬೀಳುತ್ತಾನೆ!

ಈಗ ಅವನು ಮೆಮೊರಿ ಪಟ್ಟಿಗಳನ್ನು ಕೈಗೆತ್ತಿಕೊಂಡ. ತಿರುಗಿಸಿದ. ಮುಖದಿಂದ ದೂರ ಹಿಡಿದ, ಹತ್ತಿರ ಹಿಡಿದ. ಮತ್ತೆ ಕೈ ಜೇಬಿನ ಕಡೆ ಹೋಯಿತು.

“ಪಾಪ್ಪಾ, ಪಕ್ಕದ ಸೈಕಲ್ ಶಾಪಿಗೆ ಸಣ್ಣ ಸ್ಕ್ರೂಡ್ರೈವರ್ ಕೊಟ್ಟಿದ್ದೆ. ಇಸ್ಕೊಂಡು ಬಾ, ನನ್ ಕಣ್ಣು.”

“ಅಜ್ಜಿ ಬರ್ಲಿ ಅಣ್ಣಾ.”

“ನಿಮ್ಮಜ್ಜಿ ಸಂತೆಗೆ ಓಗಿರೋದು. ಅಲ್ಲೀಗಂಟ ಕೈ ಕಟ್ಕೊಂಡು ಕೂರ್ಲಾ?”

ಚಂದ್ರಿಕಾ ಓಡಿದಳು. ಸ್ಕ್ರೂಡ್ರೈವರ್ ಕಿತ್ತುಕೊಂಡವಳಂತೆ ಇಸಿದುಕೊಂಡು ಓಡಿಬಂದಳು. ನೂರು ಎಣಿಸುವಷ್ಟು ಹೊತ್ತೂ ಆಗಿರಲಿಲ್ಲ. ಆದರೂ ಅಷ್ಟರಲ್ಲಿ ಎರಡೂ ಪಟ್ಟಿಗಳು ಬೋರ್ಡಿನಲ್ಲಿ ಕೂತುಬಿಟ್ಟಿದ್ದವು. ಪೊನ್ನುಸ್ವಾಮಿ ಮೇಜಿನ ಡ್ರಾಯರನ್ನು ‘ಟಪ್’ ಅಂತ ಮುಚ್ಚಿದ.

“ಏನು, ಇಷ್ಟು ಬೇಗ ಬಂದ್ಬುಟ್ಟೆ?” ಅಂದ.

ಚಂದ್ರಿಕಾ ಡ್ರಾಯರನ್ನೇ ನೋಡಿದಳು.

ಎಲ್ಲ ಜೋಡಿಸಿದ ಮೇಲೆ ಅಂಗಡಿಯ ಹಳೆಯ ಮಾನಿಟರಿಗೆ ವೈರು ಸಿಕ್ಕಿಸಿ ಸ್ವಿಚ್ ಒತ್ತಿದ. ಫ್ಯಾನು ತಿರುಗಿತು. ಕಪ್ಪು ಸ್ಕ್ರೀನಿನಲ್ಲಿ ಬಿಳಿ ನಂಬರ್ ಸರಸರ ಓಡಿ, ನಿಂತು, ಮಾಯವಾಯಿತು.

32768.

“ಓಡ್ತು ನೋಡು!” ಅಂದ ಪೊನ್ನುಸ್ವಾಮಿ, ಸ್ಕ್ರೀನಿಗೆ ಬೆನ್ನು ಹಾಕಿ ಬೆವರು ಒರೆಸಿಕೊಳ್ಳುತ್ತ.

ಚಂದ್ರಿಕಾಳಿಗೆ ಕೇಳಬೇಕು ಅನ್ನಿಸಿತು. ಆದರೆ ದೊಡ್ಡವರನ್ನು ಎದುರಿಗೆ ನಿಂತು ಕೇಳುವುದು ಅವಳಿಗೆ ಬಾರದು. ಕಂಪ್ಯೂಟರ್ ಪೆಟ್ಟಿಗೆ ಹಿಡಿದುಕೊಂಡು, ಸಂತೆ ಮುಗಿಸಿ ಬಂದ ಅಜ್ಜಿಯ ಜೊತೆ ಬಸ್ ಹತ್ತಿದಳು.

ಮನೆಯಲ್ಲಿ ಮತ್ತೆ ಆನ್ ಮಾಡಿದಳು. ಅಪ್ಪ ಸೇಲಂನಿಂದ ತಂದಿಟ್ಟಿದ್ದ ಮಾನಿಟರಿನಲ್ಲೂ ಅದೇ. 32768. ಆಫ್ ಮಾಡಿ ಆನ್ ಮಾಡಿದಳು. ಅದೇ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಮಾಡಿದಳು. ಸರಿಯಾಗಿ ಅರ್ಧ.

“ಅಜ್ಜಿ, ಪೊನ್ನುಸ್ವಾಮಿ ಅಣ್ಣ ಒಂದನ್ನ ಎತ್ಕೊಂಡವ್ನೆ,” ಅಂದಳು. “ನನ್ನ ಸೈಕಲ್ ಶಾಪಿಗೆ ಕಳಿಸ್ದ. ಬರೋವಾಗ ಡ್ರಾಯರ್ ಮುಚ್ತಿದ್ದ. ಅರ್ಧಾನೇ ಬರ್ತೈತೆ.”

ಮುತ್ತಮ್ಮನಿಗೆ ಕಂಪ್ಯೂಟರ್ ಗೊತ್ತಿಲ್ಲ. ಅರ್ಧ ಅಂದರೆ ಗೊತ್ತು.

“ಎರಡು ಕುರಿ ಬುಟ್ರೆ ಒಂದೇ ಬತ್ತದಾ?” ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ನನ್ ಮಗ ಸಮುದ್ರದಾಚೆ ಬೆಂಕಿ ಮುಂದೆ ಕೂತು ಕಳ್ಸಿದ್ದು! ನಾಳೀಕೆ ನಡಿ.”

ಮರುದಿನ ಭಾನುವಾರ. ತಿಂಗಳ ಮೊದಲ ಭಾನುವಾರ ಹನ್ನೊಂದು ಗಂಟೆಗೆ ಚಿಕ್ಕಪ್ಪನ ಫೋನು ಬರುತ್ತಿತ್ತು, ಪೊನ್ನುಸ್ವಾಮಿಯ ಅಂಗಡಿಗೆ ಅಂಟಿಕೊಂಡಿದ್ದ ಎಸ್‌ಟಿಡಿ ಬೂತಿಗೆ. ಅಜ್ಜಿ ಹತ್ತೂವರೆಗೇ ಅಲ್ಲಿಗೆ ತಲುಪಿದಳು. ಕಂಪ್ಯೂಟರ್ ಪೆಟ್ಟಿಗೆ ಬಸ್ಸಿನಲ್ಲಿ ಅಷ್ಟು ದೂರವೂ ಅವಳ ತೊಡೆಯ ಮೇಲೇ ಇತ್ತು.

“ಏನ್ಲಾ ಪೊನ್ನುಸ್ವಾಮಿ! ಅರ್ಧ ಎಲ್ಲಿಗೆ ಓಯ್ತು?” ಅಂತ ಅಂಗಡಿ ಮೆಟ್ಟಿಲ ಮೇಲೆ ನಿಂತೇ ಕೂಗಿದಳು.

ಎದುರಿನ ಟೀ ಅಂಗಡಿಯಲ್ಲಿ ಗ್ಲಾಸುಗಳು ನಿಂತವು.

“ಏನರ್ಧ ಅಮ್ಮಾ?” ಅಂದ ಪೊನ್ನುಸ್ವಾಮಿ.

“ಮೆಮೊರಿ! ಮಗೂನ ಆಚೆ ಕಳ್ಸಿ ಡ್ರಾಯರಲ್ಲಿ ಏನಾಕ್ಕೊಂಡೆ? ತೆಗಿ ಈಚೆ!”

“ಫಾರಿನ್ ಸಾಮಾನು ಅಂದ್ರೆ ಕೈ ಸುಮ್ನಿರ್ತದಾ?” ಅಂತ ಟೀ ಅಂಗಡಿಯಲ್ಲಿ ಯಾರೋ ಅಂದರು. ಯಾರೋ ನಕ್ಕರು.

ರಿಪೇರಿಗೆ ಕೊಟ್ಟ ರೇಡಿಯೋಗಾಗಿ ಕಾಯುತ್ತಿದ್ದ ಮುದುಕ ನಾರಪ್ಪ ಮೆಲ್ಲಗೆ ಎದ್ದ. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ರೇಡಿಯೋವನ್ನು ಹಾಗೇ ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. “ಇನ್ನೊಂದು ದಿನ ತತ್ತೀನಪ್ಪ,” ಅಂದ.

ಪೊನ್ನುಸ್ವಾಮಿಯ ಮುಖ ಸಣ್ಣದಾಯಿತು. ಅವನು ಕಿರುಚಲಿಲ್ಲ. ಚಂದ್ರಿಕಾಳ ಕಡೆ ತಿರುಗಿದ.

“ನಾನು ಎತ್ಕೊಂಡೆ ಅಂತ ನಿಂಗೆ ಎಂಗೆ ಗೊತ್ತು ಪಾಪ್ಪಾ?”

“ಗುರುತು ಆಕಿದ್ದೀನಿ,” ಅಂದಳು ಚಂದ್ರಿಕಾ, ನೆಲ ನೋಡುತ್ತ. “ಎರಡಕ್ಕೂ. ಕೆಂಪು ಚುಕ್ಕೆ. ಬುಡದಲ್ಲಿ.”

“ಬುಡದಲ್ಲಾ?”

ಅವನು ಪೆಟ್ಟಿಗೆಯ ಸ್ಕ್ರೂ ಬಿಚ್ಚಿ, ಮೆಮೊರಿ ಪಟ್ಟಿಗಳನ್ನು ಕಿತ್ತು ಅವಳ ಮುಂದೆ ಇಟ್ಟ. “ನೀನೇ ನೋಡು.”

ಒಂದರಲ್ಲಿ ಕೆಂಪು ಚುಕ್ಕೆ ಇತ್ತು. ಇನ್ನೊಂದರಲ್ಲೂ ಇತ್ತು. ಎರಡೂ ಅವಳದೇ.

ಹಾಗಾದರೆ ಅರ್ಧ ಎಲ್ಲಿಗೆ ಹೋಯಿತು?

ಪೊನ್ನುಸ್ವಾಮಿ ಎರಡನೇ ಪಟ್ಟಿಯನ್ನು ಎತ್ತಿಕೊಂಡ. ದೂರ ಹಿಡಿದ, ಹತ್ತಿರ ಹಿಡಿದ. ಆಮೇಲೆ ಡ್ರಾಯರ್ ಎಳೆದ. ಚಂದ್ರಿಕಾ ಬಗ್ಗಿ ನೋಡಿದಳು. ಡ್ರಾಯರಿನಲ್ಲಿ ಇದ್ದದ್ದು ಒಂದು ಕನ್ನಡಕ. ದಪ್ಪ ಗಾಜು. ಒಂದು ಕಡೆಯ ಕಾಲು ಮುರಿದು, ಅದಕ್ಕೆ ದಾರ ಸುತ್ತಿತ್ತು.

ಅವನು ಬೀದಿಯ ಕಡೆ ಒಮ್ಮೆ ನೋಡಿ, ಗೋಡೆಯ ಕಡೆ ತಿರುಗಿಕೊಂಡು ಕನ್ನಡಕ ಹಾಕಿಕೊಂಡ.

“ಕಣ್ಣು ಕಾಣದವ್ನು ಟೀವಿ ರಿಪೇರಿ ಮಾಡ್ತಾನೆ ಅಂತಾರೆ ಪಾಪ್ಪಾ,” ಅಂದ, ಅವಳಿಗಷ್ಟೇ ಕೇಳಿಸುವಂತೆ. “ಜೇಬಲ್ಲಿ ಇಟ್ಕೊಂಡಿರ್ತೀನಿ, ಯಾರೂ ಇಲ್ದಾಗ ಆಕ್ಕೊಳ್ತೀನಿ. ನೆನ್ನೆ ಆಕ್ಕೊಂಡ್ರೆ ನೀನು ಓಡಿ ಬಂದ್ಬುಟ್ಟೆ. ಬೇಗ ಬೇಗ ತುರುಕಿ, ಇದನ್ನ ಡ್ರಾಯರಿಗೆ ಆಕ್ಬುಟ್ಟೆ.”

ಚಂದ್ರಿಕಾ ಬಾಗಿಲ ಕಡೆ ಹೋಗಿ, ಟೀ ಅಂಗಡಿಯವರಿಗೆ ಅವನು ಕಾಣದಂತೆ ನಿಂತುಕೊಂಡಳು.

“ಇದೇನು ಇಲ್ಲಿ, ಹಲ್ಲಿನ ಮೇಲೆಲ್ಲ ಕೆಂಪು?” ಅಂದ ಅವನು, ಪಟ್ಟಿಯನ್ನು ಅವಳ ಕಡೆ ಹಿಡಿದು.

ಅವಳು ನಿಂತಲ್ಲಿಂದಲೇ ನೋಡಿದಳು. ಪೈಂಟು ಇಳಿದು, ಲಂಗದಲ್ಲಿ ಒರೆಸಿದಾಗ ಸವರಿಕೊಂಡು, ನಾಲ್ಕೈದು ಚಿನ್ನದ ಹಲ್ಲುಗಳ ಮೇಲೆ ಸಿಪ್ಪೆಯಂತೆ ಒಣಗಿತ್ತು.

“ಈ ಹಲ್ಲು ಬೋರ್ಡನ್ನ ಕಚ್ಕೋಬೇಕು. ಪೈಂಟ್ ಇದ್ರೆ ಎಂಗೆ ಕಚ್ತದೆ? ಅದು ಅಲ್ಲಿದ್ದೂ ಇಲ್ದಂಗೆ.”

ಚಂದ್ರಿಕಾಳ ಕಿವಿ ಬಿಸಿಯಾಯಿತು.

“ಗುರುತು ಐತೋ ಇಲ್ವೋ?” ಅಂತ ಅಜ್ಜಿ ಮೆಟ್ಟಿಲ ಮೇಲಿಂದ ಕೂಗಿದಳು.

“ಐತೆ ಅಜ್ಜಿ,” ಅಂದಳು ಚಂದ್ರಿಕಾ. ಧ್ವನಿ ಹೊರಗೆ ಬರಲೇ ಇಲ್ಲ.

ಪೊನ್ನುಸ್ವಾಮಿ ಬೈಯಲಿಲ್ಲ. ಡ್ರಾಯರಿನಿಂದ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು ಅವಳಿಗೆ ಕೊಟ್ಟ. “ಮೊದ್ಲು ಉಗುರಲ್ಲಿ ಮೆಲ್ಲಗೆ. ಆಮೇಲೆ ಇದ್ರಲ್ಲಿ ಉಜ್ಜು. ಹಲ್ಲು ಗೀಚಬಾರ್ದು.”

ಅವಳು ಉಜ್ಜಿದಳು. ಕೆಂಪು ಪುಡಿ ಬೆರಳಿಗೆ ಮೆತ್ತಿಕೊಂಡಿತು. ಹಲ್ಲುಗಳು ಒಂದೊಂದಾಗಿ ಹೊಳೆದವು. ಅವನು ಪಟ್ಟಿಗಳನ್ನು ಮತ್ತೆ ಸಿಕ್ಕಿಸಿ, ಸ್ವಿಚ್ ಒತ್ತಿ, ಈ ಸಲ ಸ್ಕ್ರೀನಿನ ಮುಂದೆಯೇ ಬಗ್ಗಿ ಕೂತ. ನಂಬರ್ ಓಡಿತು. 32768 ದಾಟಿತು. ಇನ್ನೂ ಓಡಿತು.

65536.

“ಬಂತಾ?” ಅಂದಳು ಅಜ್ಜಿ.

“ಪೂರ್ತಿ ಬಂತಮ್ಮಾ,” ಅಂದ ಪೊನ್ನುಸ್ವಾಮಿ. ಕನ್ನಡಕ ಆಗಲೇ ಡ್ರಾಯರಿನಲ್ಲಿತ್ತು. ಯಾಕೆ ಬಂತು, ಮೊದಲು ಯಾಕೆ ಬರಲಿಲ್ಲ ಅಂತ ಅವನು ಹೇಳಲಿಲ್ಲ. ಸ್ಕ್ರೂ ಹಾಕತೊಡಗಿದ.

“ಕೇಳಿದ್ದಕ್ಕೆ ಬಂತು ನೋಡು!” ಅಂತ ಅಜ್ಜಿ ಟೀ ಅಂಗಡಿಯ ಕಡೆ ತಿರುಗಿ ಹೇಳಿದಳು. ಅಲ್ಲಿದ್ದವರು ತಲೆಯಾಡಿಸಿದರು. ನಾರಪ್ಪ ರೇಡಿಯೋವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡ.

ಹಾಗಲ್ಲ, ಅಜ್ಜಿ. ಹಾಗಲ್ಲ. ಚಂದ್ರಿಕಾಳ ಒಳಗೆ ಮಾತು ಇತ್ತು. ಬಾಯಿಗೆ ಬರುತ್ತಿರಲಿಲ್ಲ.

“ಮುತ್ತಮ್ಮಾ! ಸಿಂಗಾಪುರ್ ಲೈನು!” ಬೂತಿನವನು ಕೂಗಿದ.

ಚಂದ್ರಿಕಾ ಯಾವಾಗಲೂ ಬೂತಿನ ಗಾಜಿನ ಬಾಗಿಲು ಎಳೆದುಕೊಂಡು, ಬೆನ್ನು ತಿರುಗಿಸಿ, ಪಿಸುಪಿಸು ಮಾತಾಡುವವಳು. ‘ಜೋರಾಗಿ ಮಾತಾಡೇ, ಸಮುದ್ರ ದಾಟ್ಬೇಕು’ ಅಂತ ಚಿಕ್ಕಪ್ಪ ಪ್ರತಿ ಸಲವೂ ರೇಗಿಸುತ್ತಿದ್ದ. ಇವತ್ತು ಅವಳು ಒಳಗೆ ಹೋಗಿ ರಿಸೀವರ್ ಎತ್ತಿಕೊಂಡಳು. ಬಾಗಿಲು ಮುಚ್ಚಲಿಲ್ಲ.

“ಚಂದ್ರೀ! ನಂಬರ್ ಎಷ್ಟಕ್ಕೆ ನಿಲ್ತು?”

“ಪೂರ್ತಿ ಬಂತು ಚಿಕ್ಕಪ್ಪಾ. ನೆನ್ನೆ ಅರ್ಧಾನೇ ಬಂದಿತ್ತು.”

“ಅರ್ಧಾನಾ? ನಾನು ಮೊದ್ಲೇ ಏಳ್ಲಿಲ್ವಾ! ಯಾರು ಕೈ ಆಕಿದ್ದು?”

ಚಂದ್ರಿಕಾ ಬೀದಿಯ ಕಡೆ ತಿರುಗಿದಳು. ಬೆರಳ ತುದಿ ಇನ್ನೂ ಕೆಂಪಾಗಿತ್ತು.

“ನಾನೇ ಚಿಕ್ಕಪ್ಪಾ. ಕುರಿ ಪೈಂಟು ಆಕ್ಬುಟ್ಟಿದ್ದೆ. ಪೊನ್ನುಸ್ವಾಮಿ ಅಣ್ಣ ಏನೂ ಎತ್ಕೊಂಡಿಲ್ಲ. ಅಣ್ಣಾನೇ ಸರಿ ಮಾಡ್ಕೊಟ್ರು.”

“ಅವನು ಜೋಡಿಸೋವಾಗ್ಲೇ ನೋಡ್ಲಿಲ್ವಾ ಅದನ್ನ?”

ಅವಳು ಅಂಗಡಿಯೊಳಗೆ ನೋಡಿದಳು. ಪೊನ್ನುಸ್ವಾಮಿ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದ್ದ.

“ಯಾರಿಗೂ ಕಾಣದ ಕಡೆ ಆಕಿದ್ದೆ ಚಿಕ್ಕಪ್ಪಾ.”

ಅಜ್ಜಿ ಸೆರಗನ್ನು ಸೊಂಟದಿಂದ ಬಿಡಿಸಿಕೊಂಡಳು. ಟೀ ಅಂಗಡಿಯಲ್ಲಿ ಬಾಯ್ಲರ್ ಸುಯ್‌ಗುಟ್ಟುತ್ತಿತ್ತು. ನಾರಪ್ಪ ಕಿವಿಗೆ ಕೈ ಹಿಡಿದು ಈ ಕಡೆಯೇ ನೋಡುತ್ತಿದ್ದ. ರೇಡಿಯೋ ಇನ್ನೂ ಅವನ ಕಂಕುಳಲ್ಲೇ ಇತ್ತು.

ಅವನಿಗೆ ಸರಿಯಾಗಿ ಕೇಳಿಸಿಲ್ಲ ಅಂತ ಅವಳಿಗೆ ಅನ್ನಿಸಿತು.

ಚಂದ್ರಿಕಾ ಉಸಿರು ಎಳೆದುಕೊಂಡು, ಎಲ್ಲವನ್ನೂ ಮೊದಲಿನಿಂದ, ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಿದಳು.